ಓಡಿ ಬಂದ ಮೇಲೆ ಏರಿದ ತೂಕ: ಉಡುಪಿಯ ಓಟಗಾರ್ತಿಯೊಬ್ಬರ ಪ್ರಕರಣ

ಕಳೆದ ವರ್ಷ ಮಾರ್ಚ್ ಕೊನೆಯ ವಾರ ಉಡುಪಿಯ ಪ್ರೌಢಶಾಲೆಯೊಂದರ ಗಣಿತ ಶಿಕ್ಷಕಿಯೊಬ್ಬರು ತಮ್ಮ ದಿನಚರಿ ಪುಸ್ತಕವನ್ನು ನನ್ನ ಮೇಜಿನ ಮೇಲೆ ತೆರೆದಿಟ್ಟು, "ಓಡಿದ ದಿನವೇ ತೂಕ ಜಾಸ್ತಿ ಬರ್ತದೆ ಮೇಡಂ, ಇದು ಎಂತದ್ದು?" ಎಂದು ಕೇಳಿದರು. ಪುಟದ ಎಡಗಡೆ ಭಾನುವಾರ ನಸುಕಿನ ತೂಕ 53.2 ಕೆ.ಜಿ., ಬಲಗಡೆ ಎರಡು ಗಂಟೆ ಓಡಿ ಮನೆಗೆ ಬಂದ ಮೇಲಿನ ತೂಕ 53.7 ಕೆ.ಜಿ. ಅದರ ಹಿಂದಿನ ಎರಡು ಭಾನುವಾರಗಳಲ್ಲೂ ಹೀಗೆಯೇ ಇತ್ತು. ತೂಕದ ಯಂತ್ರವನ್ನು ಸಮತಟ್ಟಾದ ನೆಲದ ಮೇಲಿಟ್ಟು ನೋಡಿ, ಬೆವರಿಗೆ ಒದ್ದೆಯಾದ ಬಟ್ಟೆಯ ಭಾರವೂ ಸೇರಿರಬಹುದು ಎಂದು ಹೇಳಿ ನಾನು ಅವರನ್ನು ಕಳುಹಿಸಿದೆ. ಮೂರು ವಾರಗಳ ನಂತರ ಅವರು ಆಸ್ಪತ್ರೆ ಸೇರಿದರು. ಆ ಪುಟದಲ್ಲಿದ್ದ ಅರ್ಧ ಕಿಲೋ ವ್ಯತ್ಯಾಸವೇ ಕಾಯಿಲೆಯ ಮೊದಲ ಸೂಚನೆಯಾಗಿತ್ತು. ಅದನ್ನು ಓದಬೇಕಾಗಿದ್ದವಳು ನಾನು, ಓದಲಿಲ್ಲ. ಆಹಾರ ಸಲಹೆಗಾರ್ತಿಯಾಗಿ ನಾನು ಈ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ, ವಿವರವಾಗಿ ಬರೆಯುತ್ತಿರುವುದು ಆ ಕಾರಣಕ್ಕೆ. ಕರಾವಳಿಯ ಸೆಕೆಯಲ್ಲಿ ಓಡುವ, ಸೈಕಲ್ ತುಳಿಯುವ, ಆಟವಾಡುವ ಎಷ್ಟೋ ಮಂದಿ ಇದೇ ತಪ್ಪನ್ನು ಆರೋಗ್ಯಕರ ಅಭ್ಯಾಸವೆಂದೇ ನಂಬಿಕೊಂಡಿದ್ದಾರೆ.

ಶಿಕ್ಷಕಿಗೆ 41 ವರ್ಷ, ಎತ್ತರ 157 ಸೆಂ.ಮೀ. ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್ ಯಾವುದರ ತೊಂದರೆಯೂ ಇರಲಿಲ್ಲ. ಒಂದೂವರೆ ವರ್ಷದಿಂದ ಓಡುತ್ತಿದ್ದ ಅವರು 21.1 ಕಿ.ಮೀ. ಓಟವನ್ನು ಪೂರೈಸುವ ಗುರಿ ಇಟ್ಟುಕೊಂಡಿದ್ದರು. ಓಟದ ವೇಗ ನಿಧಾನ, ಕಿಲೋಮೀಟರಿಗೆ ಸುಮಾರು ಒಂಬತ್ತು ನಿಮಿಷ. ಮನೆಯಲ್ಲಿ ಅತ್ತೆಗೆ ಬಿಪಿ ಇರುವುದರಿಂದ ಅಡುಗೆಯಲ್ಲಿ ಉಪ್ಪು ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಒಣಮೀನು ಎಲ್ಲವೂ ನಿಂತು ಎರಡು ವರ್ಷವಾಗಿತ್ತು. ತೂಕ ಇಳಿಸುವ ಅಗತ್ಯವೇ ಇಲ್ಲದಿದ್ದರೂ ರಾತ್ರಿಯ ಅನ್ನ ಬಿಟ್ಟು ಎರಡು ಚಪಾತಿ, ಸೌತೆಕಾಯಿ ಹೋಳುಗಳಿಗೆ ಬಂದು ನಿಂತಿದ್ದರು. ಬೆಳಿಗ್ಗೆ ಎದ್ದ ಕೂಡಲೇ ನಿಂಬೆರಸ ಹಿಂಡಿದ ಒಂದು ಲೀಟರ್ ಬಿಸಿನೀರು, ದಿನಕ್ಕೆ ಐದು ಲೀಟರ್ ನೀರು: ಇವೆರಡನ್ನು ವ್ರತದಂತೆ ಪಾಲಿಸುತ್ತಿದ್ದರು. ಮೊಣಕಾಲು ನೋವಿಗೆ ಉದ್ದನೆಯ ಓಟದ ದಿನ ಬೆಳಿಗ್ಗೆ ಐಬುಪ್ರೊಫೆನ್ ಮಾತ್ರೆಯೊಂದನ್ನು ನುಂಗುವ ರೂಢಿಯೂ ಇತ್ತು. ಇದನ್ನು ಅವರು ನನಗೆ ಹೇಳಿರಲಿಲ್ಲ, ನಾನು ಕೇಳಿರಲೂ ಇಲ್ಲ.

ಘಟನೆ ನಡೆದದ್ದು ಏಪ್ರಿಲ್ ಮೂರನೆಯ ಭಾನುವಾರ. ನಸುಕಿನ ಐದೂ ಕಾಲಿಗೆ ಮಲ್ಪೆ ಸೇತುವೆ ದಾಟಿ ಪಡುಕೆರೆಯಿಂದ ಮಟ್ಟುವಿನ ಕಡೆಗೆ, ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಹೊಳೆ ಇರುವ ರಸ್ತೆಯಲ್ಲಿ ಹೋಗಿ ಬಂದು 18 ಕಿ.ಮೀ. ಮುಗಿಸುವ ಯೋಜನೆ. ಆ ದಿನ ಗಾಳಿ ಇರಲಿಲ್ಲ. ಹೊರಡುವ ಮೊದಲು ವಾಡಿಕೆಯ ಒಂದು ಲೀಟರ್ ನೀರು ಹೊಟ್ಟೆಗೆ ಹೋಗಿತ್ತು, ಆಹಾರ ಏನೂ ಇರಲಿಲ್ಲ. ಪತಿ ಸ್ಕೂಟರಿನಲ್ಲಿ ಮುಂದೆ ಹೋಗಿ ಎರಡೆರಡು ಕಿಲೋಮೀಟರಿಗೆ ನಿಂತು ಬಾಟಲಿ ಕೊಡುತ್ತಿದ್ದರು. ಹೀಗೆ ಎಂಟು ಕಡೆ ಕುಡಿದದ್ದು ಒಟ್ಟು 2.2 ಲೀಟರ್. ಹದಿನಾಲ್ಕನೆಯ ಕಿಲೋಮೀಟರಿನ ಹೊತ್ತಿಗೆ ತಲೆನೋವು ಶುರುವಾಯಿತು. ಬೆರಳಿನ ಉಂಗುರ ಬಿಗಿಯಾಗಿ, ತಿರುಗಿಸಲು ಹೋದರೆ ಚರ್ಮ ಮಡಚಿಕೊಳ್ಳುತ್ತಿತ್ತು. ನೀರು ಸಾಲದೆ ಹೀಗಾಗುತ್ತಿದೆ ಎಂದು ಇಬ್ಬರೂ ತಿಳಿದರು, ಶಿಕ್ಷಕಿ ಕೊನೆಯ ಎರಡು ನಿಲುಗಡೆಗಳಲ್ಲಿ ಇನ್ನಷ್ಟು ಕುಡಿದರು. ಎಂಟೂವರೆಗೆ ಮನೆಗೆ ಬಂದು ತೂಕ ನೋಡಿದಾಗ ನಸುಕಿನ 53.4 ಕೆ.ಜಿ. ಇದ್ದದ್ದು 54.3 ಆಗಿತ್ತು. ಅದನ್ನೂ ಪುಸ್ತಕದಲ್ಲಿ ಬರೆದಿಟ್ಟರು. ಆಮೇಲೆ ತಲೆನೋವಿಗೆಂದು ಮತ್ತೊಂದು ಲೀಟರ್ ನೀರು, ಅದರ ಮೇಲೆ ಒಂದು ಬೊಂಡ (ಎಳನೀರು).

ಒಂಬತ್ತೂವರೆಗೆ ವಾಂತಿಯಾಯಿತು. ಅದಕ್ಕಿಂತ ಹೆಚ್ಚಾಗಿ ಪತಿಯನ್ನು ಹೆದರಿಸಿದ್ದು ಇನ್ನೊಂದು: ಸೋಮವಾರದ ಪ್ರಶ್ನೆಪತ್ರಿಕೆಯ ಕಟ್ಟು ಎಲ್ಲಿದೆ ಎಂದು ಅವರು ಕೇಳಿದರು, ಉತ್ತರ ಕೊಟ್ಟ ಎರಡು ನಿಮಿಷಕ್ಕೆ ಮತ್ತೆ ಅದನ್ನೇ ಕೇಳಿದರು, ಹೀಗೆ ನಾಲ್ಕು ಸಲ. ಆಸ್ಪತ್ರೆಯಲ್ಲಿ ಪತಿ ಮೊದಲು ಹೇಳಿದ ಮಾತು, "ಒಂದು ಗ್ಲೂಕೋಸ್ ಹಾಕಿಬಿಡಿ ಡಾಕ್ಟ್ರೆ, ಸೆಕೆಗೆ ನೀರೆಲ್ಲ ಹೋಗಿದೆ." ಕರ್ತವ್ಯದಲ್ಲಿದ್ದ ವೈದ್ಯೆ ಡ್ರಿಪ್ ಹಾಕದೆ ಮೊದಲು ಎಷ್ಟು ನೀರು ಕುಡಿದಿದ್ದಾರೆ ಎಂದು ಕೇಳಿ, ರಕ್ತ ಪರೀಕ್ಷೆಗೆ ಕಳುಹಿಸಿದರು. ಆ ಒಂದು ಪ್ರಶ್ನೆಗೆ ನಾನು ಇಂದಿಗೂ ಕೃತಜ್ಞಳಾಗಿದ್ದೇನೆ. ಸಕ್ಕರೆ ಸರಿಯಾಗಿಯೇ ಇತ್ತು. ಆದರೆ ಲೀಟರ್ ರಕ್ತದಲ್ಲಿ 135ರಿಂದ 145 ಮಿಲಿಮೋಲ್ ಇರಬೇಕಾದ ಸೋಡಿಯಂ, ಅಂದರೆ ಉಪ್ಪಿನ ಅಂಶ, 127ಕ್ಕೆ ಇಳಿದಿತ್ತು. ಗ್ಲೂಕೋಸ್ ಡ್ರಿಪ್ಪಿನ ಸಕ್ಕರೆಯನ್ನು ದೇಹ ಬೇಗನೆ ಬಳಸಿಕೊಂಡು ಬರಿಯ ನೀರನ್ನು ಉಳಿಸುತ್ತದೆ. ಈಗಾಗಲೇ ನೀರು ತುಂಬಿ ತೆಳುವಾಗಿದ್ದ ರಕ್ತಕ್ಕೆ ಅದು ಇನ್ನಷ್ಟು ನೀರು ಸುರಿದಂತೆಯೇ ಆಗುತ್ತಿತ್ತು.

ರಕ್ತದಲ್ಲಿ ಸೋಡಿಯಂ ಹೀಗೆ ತೆಳುವಾಗುವ ಸ್ಥಿತಿಗೆ ಹೈಪೊನಟ್ರೀಮಿಯಾ ಎಂದು ಹೆಸರು. ಹೊರಗಿನ ದ್ರವ ತೆಳುವಾದಾಗ ನೀರು ಜೀವಕೋಶಗಳ ಒಳಕ್ಕೆ ನುಗ್ಗಿ ಅವು ಊದಿಕೊಳ್ಳುತ್ತವೆ. ಕೈಬೆರಳು ಊದಿದರೆ ಉಂಗುರ ಬಿಗಿಯಾಗುತ್ತದೆ, ಅಷ್ಟೆ. ಆದರೆ ತಲೆಬುರುಡೆಯೊಳಗಿನ ಮೆದುಳು ಊದಿಕೊಳ್ಳಲು ಜಾಗವಿಲ್ಲ. ತಲೆನೋವು, ವಾಕರಿಕೆ, ಗೊಂದಲ, ಮುಂದುವರಿದರೆ ಫಿಟ್ಸ್, ಪ್ರಜ್ಞಾಹೀನತೆ, ಕೆಲವೊಮ್ಮೆ ಸಾವು ಬರುವುದು ಇದರಿಂದ. ಮೊದಲಿನ ಲಕ್ಷಣಗಳು ನೀರು ಕಡಿಮೆಯಾದಾಗಿನ ಲಕ್ಷಣಗಳನ್ನೇ ಹೋಲುವುದರಿಂದ ರೋಗಿ ಇನ್ನಷ್ಟು ನೀರು ಕುಡಿಯುತ್ತಾರೆ, ಮನೆಯವರು ಇನ್ನಷ್ಟು ಕುಡಿಸುತ್ತಾರೆ. ಪಡುಕೆರೆಯ ರಸ್ತೆಯಲ್ಲಿ ನಡೆದದ್ದೂ ಅದೇ. ವೈದ್ಯರು ಬರಿನೀರನ್ನು ಪೂರ್ತಿ ನಿಲ್ಲಿಸಿ, ಶೇ. 3ರ ಗಾಢ ಉಪ್ಪಿನ ದ್ರಾವಣವನ್ನು 100 ಮಿ.ಲೀ. ಅಳತೆಯಲ್ಲಿ ರಕ್ತನಾಳದ ಮೂಲಕ ಕೊಟ್ಟರು. ಅರ್ಧ ಗಂಟೆಯೊಳಗೆ ಮಾತು ತಿಳಿಯಾಯಿತು. ಮಧ್ಯಾಹ್ನದ ನಂತರ ಧಾರಾಳವಾಗಿ ಮೂತ್ರ ಹೋಯಿತು, ಮರುದಿನ ಬೆಳಿಗ್ಗೆ ಸೋಡಿಯಂ 136ಕ್ಕೆ ಬಂದಿತ್ತು. ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆಗಳಲ್ಲಿ ದೋಷ ಕಾಣಲಿಲ್ಲ.

ಹೆಚ್ಚು ಕುಡಿದರೆ ಹೆಚ್ಚು ಮೂತ್ರ ಹೋಗುತ್ತದೆ, ಅಷ್ಟಕ್ಕೆ ಅಪಾಯವೇನು ಎಂಬ ಪ್ರಶ್ನೆ ಸಹಜ. ಸುಮ್ಮನೆ ಕುಳಿತಿರುವವರಿಗೆ ಬಹುಮಟ್ಟಿಗೆ ಅದು ನಿಜ. ಆದರೆ ದೀರ್ಘ ಹೊತ್ತು ದಣಿಯುವಾಗ ಮೂತ್ರವನ್ನು ತಡೆಹಿಡಿಯುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು, ನೀರು ಬೇಕಾದಷ್ಟು ಇದ್ದರೂ, ಸ್ರವಿಸುತ್ತಲೇ ಇರುತ್ತದೆ. ಐಬುಪ್ರೊಫೆನ್ ಬಗೆಯ ನೋವಿನ ಮಾತ್ರೆಗಳು ಆ ತಡೆಯನ್ನು ಇನ್ನಷ್ಟು ಬಲಪಡಿಸಬಲ್ಲವು. ಹೀಗಾಗಿ ಬಾಯಿಯಿಂದ ಹೋದ ನೀರಿಗೆ ಹೊರಹೋಗುವ ದಾರಿ ಅರ್ಧ ಮುಚ್ಚಿರುತ್ತದೆ. ಶಿಕ್ಷಕಿ ಆ ಮೂರು ಗಂಟೆಗಳಲ್ಲಿ ಮೂತ್ರಕ್ಕೆ ಹೋದದ್ದು ಒಂದೇ ಸಲ, ಅದೂ ಸ್ವಲ್ಪ.

ಆಸ್ಪತ್ರೆಯಿಂದ ಬಂದ ಹತ್ತು ದಿನಕ್ಕೆ ಅವರು ಮತ್ತೆ ಅದೇ ಪುಸ್ತಕ ಹಿಡಿದು ಬಂದರು. ನಾನು ಮೊದಲು ಕ್ಷಮೆ ಕೇಳಿದೆ. ಅವರು, "ಅದಿರಲಿ ಮೇಡಂ, ಲೆಕ್ಕ ತಾಳೆಯಾಗ್ತದಾ ನೋಡುವ" ಎಂದು ಪೆನ್ನು ತೆಗೆದರು. ಹೆಂಗಸರಲ್ಲಿ ದೇಹದ ತೂಕದ ಸುಮಾರು ಅರ್ಧದಷ್ಟು ನೀರಿರುತ್ತದೆ ಎಂದು ನಾನು ಹೇಳಿದ್ದೇ ತಡ, 26.5 ಲೀಟರ್ ಎಂದು ಬರೆದುಕೊಂಡರು. ಓಟ ಮುಗಿದಾಗ ಹೆಚ್ಚಾದ 0.9 ಕೆ.ಜಿ., ಆಮೇಲೆ ಕುಡಿದ ನೀರು ಮತ್ತು ಬೊಂಡ ಸೇರಿ ಹತ್ತಿರ ಹತ್ತಿರ ಎರಡು ಲೀಟರ್ ಹೆಚ್ಚುವರಿ. ಮೊದಲು ಸೋಡಿಯಂ 140 ಇತ್ತೆಂದು ಹಿಡಿದರೆ ಅದಷ್ಟೇ ಉಪ್ಪು ಈಗ 28.5 ಲೀಟರಿಗೆ ಹರಡಬೇಕು. ಫಲಿತಾಂಶ 130. ಬೆವರಿನಲ್ಲಿ ಹೋದ ಉಪ್ಪನ್ನೂ ಕಳೆದರೆ 128ರ ಆಸುಪಾಸು. ಪ್ರಯೋಗಾಲಯದ ವರದಿ 127. ಲೆಕ್ಕದ ಕೆಳಗೆ ಅವರು ಎರಡು ಗೆರೆ ಎಳೆದರು. ಇದು ಒರಟು ಲೆಕ್ಕವೇ ಸರಿ, ಆದರೆ ಒಂದು ಮಾತನ್ನು ಅದು ಸ್ಪಷ್ಟವಾಗಿ ಹೇಳುತ್ತದೆ: ಹತ್ತು ಅಂಶದ ಕುಸಿತಕ್ಕೆ ಹೆಚ್ಚುವರಿ ನೀರು ಕಾರಣ, ಬೆವರಿನ ಉಪ್ಪಿನ ಪಾಲು ಎರಡು ಮೂರು ಅಂಶ ಮಾತ್ರ.

ಈ ಅನುಪಾತ ಮುಖ್ಯ. ಘಟನೆಯ ಸುದ್ದಿ ಶಿಕ್ಷಕಿಯ ಓಟದ ಗುಂಪಿಗೆ ತಲುಪಿದ ಕೂಡಲೇ ಹಲವರು ಕೊಟ್ಟ ಪರಿಹಾರ, ಇನ್ನು ಮುಂದೆ ಬರಿನೀರಿನ ಬದಲು ಬೊಂಡವನ್ನೋ ಎಲೆಕ್ಟ್ರೊಲೈಟ್ (ಲವಣಗಳ) ಪುಡಿ ಬೆರೆಸಿದ ನೀರನ್ನೋ ಕುಡಿದರಾಯಿತು ಎಂಬುದಾಗಿತ್ತು. ಬೊಂಡದ ನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಅದಕ್ಕಿಂತ ಬಹಳ ಕಡಿಮೆ. ಅಂಗಡಿಯ ಕ್ರೀಡಾ ಪಾನೀಯಗಳಲ್ಲಿ ಲೀಟರಿಗೆ ಸಾಮಾನ್ಯವಾಗಿ 20 ಮಿಲಿಮೋಲ್ ಆಸುಪಾಸಿನ ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ನಿಗದಿ ಮಾಡಿದ ಓಆರ್‌ಎಸ್ ದ್ರಾವಣದಲ್ಲೂ ಅದು 75 ಮಾತ್ರ. ರಕ್ತದ 140ಕ್ಕೆ ಹೋಲಿಸಿದರೆ ಇವೆಲ್ಲವೂ ತೆಳುವೇ, ಆದ್ದರಿಂದ ಅಗತ್ಯ ಮೀರಿ ಕುಡಿದರೆ ಯಾವುದೂ ರಕ್ಷಿಸುವುದಿಲ್ಲ. ಓಆರ್‌ಎಸ್ ಭೇದಿಯಿಂದ ನೀರು, ಉಪ್ಪು ಎರಡನ್ನೂ ಕಳೆದುಕೊಂಡವರಿಗೆ ಜೀವ ಉಳಿಸುವ ಮದ್ದು, ಅದರ ಬೆಲೆಯನ್ನು ಇಲ್ಲಿ ಕಡಿಮೆ ಮಾಡುತ್ತಿಲ್ಲ. ಶಿಕ್ಷಕಿ ಕಳೆದುಕೊಂಡದ್ದಕ್ಕಿಂತ ಹೆಚ್ಚು ಕುಡಿದಿದ್ದರು. ಅವರ ತೊಂದರೆಯೇ ಬೇರೆ.

ಈ ಸ್ಥಿತಿ ಹೊಸದೂ ಅಲ್ಲ. 1981ರಲ್ಲಿ ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಮ್ಯಾರಥಾನಿನಲ್ಲಿ ಹೀಗೆ ಕುಸಿದ ಓಟಗಾರ್ತಿಯ ವಿವರವನ್ನು ಅಲ್ಲಿನ ಕ್ರೀಡಾ ವಿಜ್ಞಾನಿ ಟಿಮ್ ನೋಕ್ಸ್ ಮತ್ತು ಅವರ ಸಹೋದ್ಯೋಗಿಗಳು 1985ರಲ್ಲಿ ಪ್ರಕಟಿಸಿದರು. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ. 13 ಮಂದಿಯಲ್ಲಿ ಸೋಡಿಯಂ ಕಡಿಮೆಯಿತ್ತು. ಅವರನ್ನು ಉಳಿದವರಿಂದ ಬೇರ್ಪಡಿಸಿದ ಎಲ್ಲಕ್ಕಿಂತ ದೊಡ್ಡ ಗುರುತು ಓಟದ ನಂತರ ತೂಕ ಏರಿದ್ದು. ಓಟಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ತೆಗೆದುಕೊಂಡವರಲ್ಲೂ ಇದು ಹೆಚ್ಚಾಗಿ ಕಂಡಿತು. ನಿಧಾನವಾಗಿ ಓಡುವವರಿಗೆ ಕುಡಿಯಲು ಸಮಯ ಹೆಚ್ಚು, ಬೆವರು ಕಡಿಮೆ. ಸಣ್ಣ ದೇಹದವರಲ್ಲಿ ಅದೇ ಒಂದು ಲೀಟರ್ ಹೆಚ್ಚು ಏರುಪೇರು ಮಾಡುತ್ತದೆ. ಅಮೆರಿಕದ ಕ್ರೀಡಾ ವೈದ್ಯಕೀಯ ಸಂಸ್ಥೆಯ 1996ರ ಹೇಳಿಕೆಯಲ್ಲಿ ಬೆವರಿನಷ್ಟೂ ನೀರು ತುಂಬಿಸಿ ಇಲ್ಲವೇ ಹೊಟ್ಟೆ ತಾಳುವಷ್ಟು ಕುಡಿಯಿರಿ ಎಂಬ ಸಲಹೆಯಿತ್ತು. 2007ರಲ್ಲಿ ಅದೇ ಸಂಸ್ಥೆ ದೇಹತೂಕದ ಶೇ. 2ಕ್ಕಿಂತ ಹೆಚ್ಚು ನೀರು ಕಳೆದುಕೊಳ್ಳದಂತೆ ನೋಡಿಕೊಂಡರೆ ಸಾಕು, ಓಡುತ್ತಾ ತೂಕ ಏರುವಷ್ಟು ಕುಡಿಯಬಾರದು ಎಂಬ ನಿಲುವಿಗೆ ಬಂತು. ಹಳೆಯ ಸಲಹೆ ಮಾತ್ರ ಇನ್ನೂ ಊರೂರು ಸುತ್ತುತ್ತಿದೆ. ಈ ಘಟನೆ ನಡೆದ ವರ್ಷದ ಫೆಬ್ರವರಿಯಲ್ಲಿ ಓಟದ ಗುಂಪಿನ ಮುಂದೆ "ಬಾಯಾರುವ ಮೊದಲೇ ಕುಡಿಯಿರಿ" ಎಂದು ನಾನೇ ಹೇಳಿದ್ದೆ.

ಮುಂದಿನ ಕೆಲಸ ಶಿಕ್ಷಕಿಯ ಬೆವರನ್ನು ಅಳೆಯುವುದು. ಇದಕ್ಕೆ ಬೇಕಾದದ್ದು ಮನೆಯ ತೂಕದ ಯಂತ್ರ, ಅಳತೆಯ ಗೆರೆಯಿರುವ ಬಾಟಲಿ, ಒಣ ಟವೆಲ್ಲು. ಮೂತ್ರಕ್ಕೆ ಹೋಗಿ ಬಂದು ಕನಿಷ್ಠ ಬಟ್ಟೆಯಲ್ಲಿ ತೂಕ ನೋಡಬೇಕು, ಒಂದು ಗಂಟೆ ಓಡಬೇಕು, ಬೆವರೊರಸಿ ಒದ್ದೆ ಬಟ್ಟೆ ಕಳಚಿ ಮತ್ತೆ ತೂಗಬೇಕು. ಕಡಿಮೆಯಾದ ತೂಕಕ್ಕೆ ನಡುವೆ ಕುಡಿದದ್ದನ್ನು ಕೂಡಿಸಿದರೆ ಗಂಟೆಯ ಬೆವರು ಸಿಗುತ್ತದೆ. ಮೇ ತಿಂಗಳಲ್ಲಿ ವೈದ್ಯರ ಒಪ್ಪಿಗೆ ಪಡೆದು ನಾಲ್ಕು ಸಲ ಅಳೆದೆವು. ಮೊದಲ ದಿನ 53.1 ಇದ್ದದ್ದು 52.7 ಆಯಿತು, ಕುಡಿದದ್ದು 250 ಮಿ.ಲೀ., ಬೆವರು 650. ಉಳಿದ ಮೂರು ದಿನವೂ 600ರಿಂದ 720ರೊಳಗೇ ಬಂತು. ಘಟನೆಯ ದಿನದ ಓಟದಲ್ಲಿ ಬೆವರಾಗಿ ಹೋದದ್ದು ಹಾಗಿದ್ದರೆ ಸುಮಾರು 1.8 ಲೀಟರ್, ಓಟ ಮುಗಿಯುವ ವೇಳೆಗೆ ಕುಡಿದದ್ದು 3.2 ಲೀಟರ್.

ಅದೇ ಗುಂಪಿನ 78 ಕೆ.ಜಿ. ತೂಕದ ಬ್ಯಾಂಕ್ ನೌಕರರೊಬ್ಬರನ್ನೂ ಅದೇ ರಸ್ತೆಯಲ್ಲಿ, ಅದೇ ಬೆಳಿಗ್ಗೆ ಅಳೆದಾಗ ಬಂದದ್ದು ಗಂಟೆಗೆ 1.4 ಲೀಟರ್. ಅವರು ನೀರು ಕುಡಿಯದೆ ಎರಡು ಗಂಟೆ ಓಡಿದರೆ ದೇಹತೂಕದ ಶೇ. 3.6ರಷ್ಟು ಕಳೆದುಕೊಳ್ಳುತ್ತಾರೆ, ಅದು ಸಲ್ಲದು. ಇಬ್ಬರಿಗೂ ಒಂದೇ ಬಾಟಲಿಯ ಲೆಕ್ಕ ಹೇಳಿದರೆ ಒಬ್ಬರಿಗೆ ಹಾನಿ ಖಂಡಿತ. ಈ ಪ್ರಕರಣವನ್ನು ಓದಿ ಯಾರೂ ಏಪ್ರಿಲ್ ಸೆಕೆಯಲ್ಲಿ ನೀರಿಲ್ಲದೆ ಓಡಲು ಹೋಗಬಾರದು ಎಂಬ ಆತಂಕ ನನಗಿದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ನಮ್ಮ ಕಡಲತಡಿಯ ಹಸಿ ಗಾಳಿಯಲ್ಲಿ ಬೆವರು ಆವಿಯಾಗದೆ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ. ನೀರೂ ಹೋಯಿತು, ಮೈ ತಣಿಯಲೂ ಇಲ್ಲ. ಇದಕ್ಕೆ ಉತ್ತರ ಹೆಚ್ಚು ಕುಡಿಯುವುದಲ್ಲ. ವೇಗ ತಗ್ಗಿಸುವುದು, ಇನ್ನೂ ಬೇಗ ಹೊರಡುವುದು, ತಲೆ ಮತ್ತು ಕುತ್ತಿಗೆಯ ಮೇಲೆ ನೀರು ಸುರಿದುಕೊಳ್ಳುವುದು.

ಶಿಕ್ಷಕಿಯ ದಿನಚರಿಯಲ್ಲಿ ಆದ ಬದಲಾವಣೆಗಳು ದೊಡ್ಡವೇನಲ್ಲ. ಎದ್ದ ಕೂಡಲೇ ಲೀಟರ್ ನೀರಿನ ಬದಲು ಬೇಕೆನಿಸಿದರೆ ಒಂದು ಲೋಟ. ಓಟದಲ್ಲಿ ಬಾಯಾರಿದಾಗ ಮಾತ್ರ ನಾಲ್ಕೈದು ಗುಟುಕು, ಗಂಟೆಗೆ 400 ಮಿ.ಲೀ. ಮೀರದಂತೆ. ಓಟದ ದಿನ ನೋವಿನ ಮಾತ್ರೆ ಇಲ್ಲ. ಮೊಣಕಾಲನ್ನು ಫಿಸಿಯೋಥೆರಪಿಸ್ಟ್ ನೋಡಿ ತೊಡೆ ಮತ್ತು ಸೊಂಟದ ಸ್ನಾಯುಗಳಿಗೆ ವಾರಕ್ಕೆ ಎರಡು ದಿನದ ವ್ಯಾಯಾಮ ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ ಬೇಕೆನ್ನುತ್ತದೆ. ಓಡುವವರು ಬಹಳ ಮಂದಿ ಅದನ್ನು ಮರೆಯುತ್ತಾರೆ.

ಊಟದ ವಿಷಯದಲ್ಲಿ ನಾನು ಹೆಚ್ಚು ಹೊತ್ತು ಕುಳಿತೆ. ಮೂರು ದಿನದ ಊಟ ಬರೆಸಿ ನೋಡಿದಾಗ ಪ್ರೋಟೀನ್ ದಿನಕ್ಕೆ 38 ಗ್ರಾಂ ಮಾತ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸು ದೇಹತೂಕದ ಕಿಲೋಗೆ 0.83 ಗ್ರಾಂ, ಅಂದರೆ ಅವರಿಗೆ 44 ಗ್ರಾಂ. ಇಷ್ಟು ಓಡುವವರಿಗೆ ಕಿಲೋಗೆ 1.2 ಗ್ರಾಂ, ಅಂದರೆ 64 ಗ್ರಾಂ ಬೇಕು. ಪುಡಿಯ ಡಬ್ಬ ಕೊಳ್ಳಬೇಕಾಗಲಿಲ್ಲ. ಬೆಳಿಗ್ಗೆ ನೀರ್ ದೋಸೆಯ ಜೊತೆ ಬರಿಯ ಚಟ್ನಿಯ ಬದಲು ಕಡಲೆ ಗಸಿ ಅಥವಾ ಎರಡು ಮೊಟ್ಟೆ, ಮಧ್ಯಾಹ್ನ ಬೂತಾಯಿ ಅಥವಾ ಬಂಗುಡೆ, ಸಂಜೆ ಮೊಳಕೆ ಹೆಸರು, ರಾತ್ರಿ ಹುರುಳಿ ಸಾರಿನೊಂದಿಗೆ ಮತ್ತೆ ಕುಚ್ಚಲಕ್ಕಿ ಅನ್ನ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧವಿರುವಾಗ ಮೀನಿನ ಜಾಗಕ್ಕೆ ಹುರುಳಿ, ಅಲಸಂದೆ, ಮೊಸರು ಹೆಚ್ಚಾದವು.

ಉಪ್ಪಿನ ಬಗ್ಗೆ ಎಚ್ಚರಿಕೆಯಿಂದ ಹೆಜ್ಜೆಯಿಟ್ಟೆವು. ದಿನಕ್ಕೆ 5 ಗ್ರಾಂ ಮೀರಬಾರದು ಎಂಬ ಸಾರ್ವಜನಿಕ ಸಲಹೆ ಸರಿಯಾದದ್ದೇ, ಅತ್ತೆಯ ಪಾಲಿಗಂತೂ ಅದು ಔಷಧ. ಆದ್ದರಿಂದ ಮನೆಯ ಅಡುಗೆಯನ್ನು ಮುಟ್ಟಲಿಲ್ಲ. ಉದ್ದನೆಯ ಓಟದ ದಿನ ಮಾತ್ರ ಓಡುವ ಒಂದು ಗಂಟೆ ಮೊದಲು ಸಣ್ಣ ಬಟ್ಟಲು ಕುಚ್ಚಲಕ್ಕಿ ಗಂಜಿಗೆ ಚಿಟಿಕೆ ಉಪ್ಪು, ಓಡಿ ಬಂದ ಮೇಲೆ ತಿಳಿಯ ಸಮೇತ ಒಂದು ದೊಡ್ಡ ಬಟ್ಟಲು ಗಂಜಿ, ಒಂದು ಮಿಡಿ ಉಪ್ಪಿನಕಾಯಿ. ಅದರಲ್ಲಿ ನೀರಿದೆ, ಪಿಷ್ಟವಿದೆ, ಉಪ್ಪಿದೆ. ಗದ್ದೆಯಲ್ಲಿ ಬೆವರು ಸುರಿಸಿ ಬಂದವರಿಗೆ ನಮ್ಮ ಅಜ್ಜಿಯರು ಬಡಿಸುತ್ತಿದ್ದುದೂ ಅದನ್ನೇ. ಎರಡು ವರ್ಷದ ನಂತರ ಮಿಡಿಯ ರುಚಿ ನೋಡಿದ ದಿನ ಶಿಕ್ಷಕಿ ನನಗೆ ಫೋನ್ ಮಾಡಿದ್ದರು.

ಮಳೆಗಾಲದಲ್ಲಿ, ಜುಲೈ ಎರಡನೆಯ ವಾರ, ಮತ್ತೆ ಅಳೆದಾಗ ಬೆವರು ಗಂಟೆಗೆ 480 ಮಿ.ಲೀ.ಗೆ ಇಳಿದಿತ್ತು. ಮೇ ತಿಂಗಳ ಲೆಕ್ಕವನ್ನೇ ಮುಂದುವರಿಸಿದ್ದರೆ ಮತ್ತೆ ಹೆಚ್ಚು ಕುಡಿಯುತ್ತಿದ್ದರು. ಹಾಗಾಗಿ ಋತು ಬದಲಾದಾಗಲೆಲ್ಲ ಒಮ್ಮೆ ಅಳೆಯುವುದೆಂದು ತೀರ್ಮಾನಿಸಿದೆವು. ಡಿಸೆಂಬರಿನ ಒಂದು ಭಾನುವಾರ ಗುಂಪಿನ ಅಭ್ಯಾಸದಲ್ಲಿ ಅವರು 21.1 ಕಿ.ಮೀ.ಯನ್ನು 2 ಗಂಟೆ 50 ನಿಮಿಷದಲ್ಲಿ ಪೂರೈಸಿದರು. ನಸುಕಿನ ತೂಕ 52.8, ಓಡಿ ಬಂದ ಮೇಲೆ 52.0, ಕುಡಿದದ್ದು 800 ಮಿ.ಲೀ. ಇಳಿದ ತೂಕ ಶೇ. 1.5. ಪತಿ ಎಂದಿನಂತೆ ಸ್ಕೂಟರಿನಲ್ಲಿ ಬಾಟಲಿ ಹಿಡಿದು ನಿಂತಿದ್ದರು, ಹತ್ತು ನಿಲುಗಡೆಗಳಲ್ಲಿ ನಾಲ್ಕರಲ್ಲಿ ಅವರು ಕೈಯಾಡಿಸಿ ಮುಂದೆ ಹೋದರಂತೆ. ಬಲ ಮೊಣಕಾಲಿನ ನೋವು ಪೂರ್ತಿ ಹೋಗಿಲ್ಲ, ಹದಿನೈದನೆಯ ಕಿಲೋಮೀಟರಿನ ನಂತರ ಈಗಲೂ ಕಾಣಿಸಿಕೊಳ್ಳುತ್ತದೆ. ಅದಕ್ಕೆ ವ್ಯಾಯಾಮ ಮುಂದುವರಿದಿದೆ. ಓಟದ ಗುಂಪಿನ ಇಪ್ಪತ್ತಮೂರು ಮಂದಿಯಲ್ಲಿ ಹದಿನೇಳು ಮಂದಿ ತಮ್ಮ ಬೆವರನ್ನು ಅಳೆದುಕೊಂಡಿದ್ದಾರೆ, ಉಳಿದ ಆರು ಮಂದಿಯ ಅಳತೆಯನ್ನು ಸೆಕೆ ಏರುವ ಮೊದಲೇ ಮುಗಿಸಬೇಕಾಗಿದೆ.